ಅಳತೆ

ಸಿದ್ದಾಪುರದ ನನ್ನ ಅಂಗಡಿಗೆ
ಕೆಂಚಿಯನ್ನು ಹಿಡಿದುಕೊಂಡೇ ಬಂದರು ಚೋಂದಮ್ಮ ಟೀಚರ್.
ಜಪಾನಿಗಂತೆ. ವಿಮಾನದಲ್ಲಿ.
ನಾಯಿಗೊಂದು ಪೆಟ್ಟಿಗೆ ಆಗಬೇಕು.

ಹಲಸಿನ ಹಲಗೆ ತೋರಿಸಿದೆ. ಬೇಡವಂತೆ,
ಮರದೊಳಗಿನ ಹುಳಕ್ಕೆ ಅಲ್ಲಿ ವೀಸಾ ಇಲ್ಲ.
ಪ್ಲೈವುಡ್ಡೇ ಸೈ.

ಕತ್ತಿನಡಿ ಚಿಪ್, ಎರಡು ಸೂಜಿ,
ಶೀಶೆಯಲ್ಲಿ ರಕ್ತ ಹೋಗಿ ಪಾಸಾದ ಮೇಲೂ
ನೂರೆಂಬತ್ತು ದಿನ ಕಾಯಬೇಕು.
ಕಾಫಿ ಹೂವಾದಾಗ ತೆಗೆದ ರಕ್ತ;
ಈಗ ಕಾಯಿ ಬಲಿತಿದೆ.

ಟೇಪು ಹಿಡಿದೆ. ಮೂಗಿನಿಂದ ಬಾಲದ ಬುಡ,
ನೆಲದಿಂದ ಕಿವಿಯ ತುದಿ.
ಟೇಪನ್ನೇ ನೆಕ್ಕಿದಳು ಕೆಂಚಿ,
ಎರಡು ಸಲ ಲೆಕ್ಕ ತಪ್ಪಿತು.

ಟೀಚರ್ ಕಾಗದ ಬಿಚ್ಚಿ ಓದಿದರು:
ನಿಂತರೆ ತಲೆ ತಾಗಬಾರದು,
ಸುತ್ತ ತಿರುಗಲು ಬರಬೇಕು,
ಕಾಲು ಚಾಚಿ ಮಲಗಬೇಕು,
ಗಾಳಿ ನಾಲ್ಕೂ ಕಡೆಯಿಂದ.

ಇನ್ನೊಮ್ಮೆ ಓದಿ ಅಂದೆ.
ಓದಿದರು.

ತೋಟದ ಲೈನುಮನೆ, ಐದನೇ ಕೋಣೆ,
ನಾವು ಏಳು ಜನ ಬೆಳೆದದ್ದು ಅಲ್ಲಿ.
ಅಪ್ಪ ಬಾಗಿ ಒಳಗೆ ಬರುತ್ತಿದ್ದ,
ಬಂದಮೇಲೂ ಬಾಗಿಯೇ ಇರುತ್ತಿದ್ದ.

ಎತ್ತರಕ್ಕೆ ಎರಡಿಂಚು ಹೆಚ್ಚೇ ಬಿಟ್ಟೆ.
ಅದರ ದುಡ್ಡು ಹಿಡಿಯಲಿಲ್ಲ, ಹೇಳಲೂ ಇಲ್ಲ.

ಕೆಂಚಿ ಒಳಹೊಕ್ಕು ಒಂದು ಸುತ್ತು ತಿರುಗಿ
ಮಲಗಿ ಆಕಳಿಸಿದ್ದಾಳೆ.
ಚಿಲಕ ಇನ್ನೂ ಹಾಕಿಲ್ಲ.