ಕುಣಿಕೆ

ಪದಕ ತೂಗಲು ದಾರದ ಕುಣಿಕೆ ಬೇಕು.
ಬಟ್ಟೆಯ ಬಣ್ಣದ್ದೇ ದಾರ, ಮೂರೆಳೆ,
ನೋಡುವವರ ಕಣ್ಣಿಗೆ ಬೀಳಬಾರದು.
ಅಪ್ಪ ಹೊಲಿಯುತ್ತಿದ್ದ, ನಾನು ಸೂಜಿಗೆ ಪೋಣಿಸುತ್ತಿದ್ದೆ,
ಕಾಸೆಲ್ ಊರಿನ ಹಿಂಬೀದಿಯಲ್ಲಿ, ಫುಲ್ಡಾ ಹೊಳೆಯ ಶೀತ
ಇಸ್ತ್ರಿಪೆಟ್ಟಿಗೆಯ ಹಬೆಯೊಡನೆ ಜಗಳಕ್ಕೆ ನಿಲ್ಲುವ ಕೋಣೆಯಲ್ಲಿ.

ಆ ದೊಡ್ಡ ಮನುಷ್ಯ ಬಂದಾಗೆಲ್ಲ ಒಂದು ಹೊಸದು.
ಪಕ್ಷ ಸೇರಿ ಹತ್ತು ವರ್ಷವಾಯಿತೆಂದು,
ಹದಿನೈದಾಯಿತೆಂದು,
ಯಾರದೋ ನಾಡಿಗೆ ನುಗ್ಗಿದ ದಿನದ ನೆನಪಿಗೆಂದು.
ಅವತ್ತು ಅವನು ಇದ್ದದ್ದು ಮೇಜಿನ ಮುಂದೆ.
ಭಾರಕ್ಕೆ ಕೋಟು ಎಡಕ್ಕೆ ವಾಲಿತು.
ಅಪ್ಪ ಒಳಗೆ ಕ್ಯಾನ್ವಾಸು ಕೊಟ್ಟ, ಕುದುರೆಗೂದಲಿನ ಪಟ್ಟಿ ಕೊಟ್ಟ.
"ಎದೆ ಸಾಲುತ್ತಿಲ್ಲವಲ್ಲ ಮೇಸ್ತ್ರಿ" ಎಂದು ಅವನು ನಕ್ಕ.
ಅಪ್ಪನೂ ನಕ್ಕ.
ಬಾಯಿ ತುಂಬ ಗುಂಡುಸೂಜಿ ಇಟ್ಟುಕೊಂಡು
ಹೇಗೆ ನಕ್ಕನೋ.

ನಲವತ್ತೊಂದರ ಡಿಸೆಂಬರು, ಬೇಗ ಕತ್ತಲಾಗಿತ್ತು.
ನಮಗೆ ಗುಂಡಿ ಮಾರುತ್ತಿದ್ದ ಲೆವಿನ್‌ಸ್ಟೈನ್
ಹಿತ್ತಲ ಬಾಗಿಲಿಂದ ಬಂದರು.
ಕೋಟಿನ ಮೇಲೆ ಹಳದಿ ನಕ್ಷತ್ರ. ಕೈಯಲ್ಲಿ ಕರ್ಚೀಫು,
ಕರ್ಚೀಫಿನೊಳಗೆ ಹಿಂದಿನ ಯುದ್ಧದ ಕಬ್ಬಿಣದ ಶಿಲುಬೆ.
ನಾಳೆ ರೈಲು, ಪೂರ್ವಕ್ಕಂತೆ, ಅಂದರು.
"ಒಂದೇ ಒಂದು ಕುಣಿಕೆ. ಇದನ್ನು ನೋಡಿದರೆ ಬಹುಶಃ..."
ಮುಂದಿನದನ್ನು ಅವರು ಆಡಲಿಲ್ಲ, ನಾವು ಕೇಳಲಿಲ್ಲ.
ಅಪ್ಪ ಪರದೆ ಎಳೆದು ಹೊಲಿದ. ಅದೇ ದಾರ, ಅದೇ ಮೂರೆಳೆ.
ನಲವತ್ತು ಫೆನಿಗ್ ಕೊಟ್ಟರು.
ತೆಗೆದುಕೊಂಡ.

ಯುದ್ಧ ಮುಗಿದ ಎರಡನೇ ಚಳಿಗಾಲ
ದೊಡ್ಡ ಮನುಷ್ಯನ ಹೆಂಡತಿ ಆ ಕೋಟು ತಂದಳು.
ಅರ್ಧ ಮೂಟೆ ಆಲೂಗಡ್ಡೆ ಕೇಳಿದಳು, ಕಾಲು ಮೂಟೆಗೆ ಒಪ್ಪಿದಳು.
ಪದಕಗಳು ಅಮೆರಿಕನ್ ಸಿಪಾಯಿಗಳ ಜೇಬು ಸೇರಿದ್ದವು,
ದೊಡ್ಡದಕ್ಕೆ ಎರಡು ಪ್ಯಾಕು ಸಿಗರೇಟು,
ಉಳಿದವಕ್ಕೆ ಬಿಡಿಬಿಡಿ.
ಅಪ್ಪ ಬಟ್ಟೆ ಬಿಚ್ಚಿ ಮಗ್ಗುಲು ತಿರುವಿ ನನಗೊಂದು ಕೋಟು ಹೊಲಿದ.
ತಿರುವಿದ ಬಟ್ಟೆಯಲ್ಲಿ ಎಡ ಬಲಕ್ಕೆ ಬರುತ್ತದೆ, ಊರಿಗೆಲ್ಲ ಗೊತ್ತು.
ಆ ವರ್ಷ ಊರಲ್ಲಿ ಅರ್ಧ ಜನ ತಿರುವಿದ್ದನ್ನೇ ತೊಟ್ಟಿದ್ದರು.
ಕುಣಿಕೆ ಕಿತ್ತ ಜಾಗಗಳನ್ನು ಕಿಟಕಿಗೆ ಹಿಡಿದೆ:
ಸಣ್ಣ ಸಣ್ಣ ಬೆಳಕು.
ಶಾಲೆಯ ದಾರಿಯಲ್ಲಿ ಗಾಳಿ ನುಗ್ಗುತ್ತಿದ್ದದ್ದು ಅಲ್ಲೇ.

ಬಾಂಬು ಬಿದ್ದ ರಾತ್ರಿ ಅಪ್ಪ ನೆಲಮಾಳಿಗೆಗೆ ಒಯ್ದದ್ದು
ಲೆಕ್ಕದ ಪುಸ್ತಕವನ್ನು. ಈಗ ಅದು ನನ್ನ ಬಳಿ ಇದೆ.
ಹೆಸರಿಲ್ಲ ಅದರಲ್ಲಿ. ಕುಣಿಕೆ, ದರ, ಸಂದಾಯ. ಕುಣಿಕೆ, ದರ, ಸಂದಾಯ.
ಒಂದು ಕಡೆ ಮಾತ್ರ
ಸಂದಾಯ ಎಂದು ಬರೆದು, ಹೊಡೆದು,
ಮತ್ತೆ ಬರೆದು, ಮತ್ತೆ ಹೊಡೆದು
ಕಾಗದ ತೂತಾಗಿದೆ.
ಕನ್ನಡಕ ಹಾಕದೆಯೂ ಆ ಪುಟ ಸಿಗುತ್ತದೆ,
ಬೆರಳಿಗೆ.