ಬಲದಿಂದ ಅಳಿಯುವ ಸಂಖ್ಯೆ

ಶುಐಬಾದ ಪೈಪ್ ಯಾರ್ಡಿನ ಮೂಲೆಯಲ್ಲಿ
ಯಾರಿಗೂ ಬೇಡವಾದ ಒಂದು ಟ್ಯಾಂಕು.
ಅದರ ಹೊಟ್ಟೆಯ ಮೇಲೆ ಮೊಳದುದ್ದದ ಕರಿ ಅಂಕಿ:
೭೩೯೩೯೧೩೩.
ನಾನು ಸ್ಟೋರಿಗೆ ಸೇರಿದ ವರ್ಷ ಎಂಟೂ ಇದ್ದವು,
ರಿಜಿಸ್ಟರಿಗೆ ಇಳಿಸಿಕೊಂಡವನು ನಾನೇ.

ಶಮಾಲ್ ಬೀಸುವುದು ಬಲಗಡೆಯಿಂದ.
ಜೂನಿಗೆ ಹಿಡಿದರೆ ಬಿಡುವುದಿಲ್ಲ,
ಮರಳನ್ನೇ ಉಪ್ಪುಕಾಗದ ಮಾಡಿ ತಿಕ್ಕುತ್ತದೆ.
ಮೊದಲ ಬೇಸಿಗೆಗೆ ಕೊನೆಯ ಮೂರು ಹೋಯಿತು,
ಮರುವರ್ಷ ಅದರ ಪಕ್ಕದ ಮೂರು.

ಉಳಿದದ್ದನ್ನು ಭಾಗಿಸಿ ನೋಡುವ ಚಟ
ರಾತ್ರಿಪಾಳಿಯಲ್ಲಿ ಹೇಗೆ ಹತ್ತಿತೋ!
ಹದಿಮೂರರ ಮಗ್ಗಿಗೆ ಬೆಂಚು ಹತ್ತಿ ನಿಂತವ ನಾನು.
ಗೇಟ್‌ಪಾಸುಗಳ ಬೆನ್ನಿನ ಮೇಲೆ
ಮೂರರಲ್ಲಿ ಹೋಗದು, ಏಳರಲ್ಲಿ ಹೋಗದು,
ಹದಿನೇಳು, ಹತ್ತೊಂಬತ್ತು... ಪ್ರತಿಸಲ ಏನೋ ಶೇಷ.
ಒಂದು ಚಳಿಗಾಲ ಪೂರ್ತಿ ಅದಕ್ಕೇ ಹೋಯಿತು.
ನನ್ನ ಸಂಬಳ ಒಂದನೇ ತಾರೀಕಿಗೇ ಐದು ಪಾಲು;
ಇದಕ್ಕೆ ಪಾಲುದಾರರೇ ಇಲ್ಲ.
ತಾನು, ಮತ್ತೆ ಒಂದು:
ಅಷ್ಟೇ ಅದರ ಸಂಸಾರ.

ಗಾಳಿ ಒಂದನ್ನು ಒಯ್ದಿತು, ಒಂಬತ್ತನ್ನು ಒಯ್ದಿತು.
೭೩೯೩. ಒಡೆಯಲಿಲ್ಲ.
೭೩೯. ಈಗ ಕೆಲಸ ಸುಲಭ,
ಇಪ್ಪತ್ತಮೂರರ ತನಕ ನೋಡಿದರೆ ಸಾಕು,
ಚಹಾ ಆರುವುದರೊಳಗೆ ಮುಗಿಯಿತು. ಒಡೆಯಲಿಲ್ಲ.
೭೩ ಮಾತ್ರ ಉಳಿದ ವರ್ಷ
ಹೊಸ ಮ್ಯಾನೇಜರ್ ಬಂದ, ನಂಬರ್ ಬರೆಸಿ ಎಂದ.

ನೋಆಖಾಲಿಯ ಬದ್ರುಲ್ ಏಣಿ ಹತ್ತಿದ.
ನಾನು ಕೆಳಗಿಂದ ಹೇಳಿದೆ, ರಿಜಿಸ್ಟರ್ ತೆರೆಯದೆ.
ಎಂಟೂ ಬರೆದು, ಬ್ರಷ್ ಹಿಡಿದುಕೊಂಡೇ ಕೂಗಿದ:
"ಭಾಯ್, ಇನ್ನೊಂದು ಅಂಕಿಗೆ ಜಾಗ ಇದೆ. ಪೇಂಟೂ ಇದೆ."

ಬೇಡ ಬದ್ರುಲ್. ಸರಿ ಅಂಕಿ ಹಚ್ಚಿದರೆ ಎರಡು ಹೋಳು,
ಐದು ಹಚ್ಚಿದರೆ ಐದು.
ಒಂದೋ ಏಳೋ ಹಚ್ಚು, ಮೂರು ಬಂದು ಸೀಳುತ್ತದೆ.
ಮೂರು, ಒಂಬತ್ತು ಹಚ್ಚಿದರೆ ಏನೆಂದು ನನ್ನ ಕೈಗೆ ಸಿಗಲಿಲ್ಲ;
ಲ್ಯಾಬಿನ ಮರಿವಿಕ್ ಕಂಪ್ಯೂಟರಿಗೆ ಹಾಕಿ
"ಅವೂ ಒಡೆಯುತ್ತವೆ" ಅಂದಳು, ನಂಬಿದ್ದೇನೆ.
ಈ ಕುಲದಲ್ಲಿ ಇದೇ ದೊಡ್ಡದು,
ಇದರಾಚೆ ಬೆಳೆಯುವ ಹಾಗಿಲ್ಲ.

ಅವನಿಗೆ ಎಷ್ಟು ತಿಳಿಯಿತೋ.
"ಹಾಗಾದರೆ ಒಂದು ಚುಕ್ಕೆ ಇಡಲಾ?" ಎಂದ.
ಇಟ್ಟ.

ಆ ರಾತ್ರಿ ಗಾಳಿ ತಿರುಗಿತು. ಕೌಸ್,
ಸಮುದ್ರದ ಕಡೆಯ ತೇವದ ಗಾಳಿ, ಎಡದಿಂದ.
ಎಡದಿಂದ ಕಳಚಿದರೆ ಎಂದು ಆವರೆಗೆ ನಾನು ಯೋಚಿಸಿರಲೇ ಇಲ್ಲ.
ಲೈಟು ಹಾಕಿ, ಮೊದಲ ಏಳನ್ನು ಹೊಡೆದುಹಾಕಿ, ಬರೆದೆ:
೩೯೩೯೧೩೩.
ಮೂರಕ್ಕೆ ಬಗ್ಗಲಿಲ್ಲ. ಏಳಕ್ಕೂ ಇಲ್ಲ.
ಹನ್ನೊಂದು ಬಂದು, ಬಾಗಿಲು ಸಹ ತಟ್ಟದೆ
ನೇರ ಒಳಗೆ ನಡೆಯಿತು.
ಶೇಷ ಸೊನ್ನೆ.

ಬೆಳಕು ಹರಿಯುವ ಮೊದಲೇ ಯಾರ್ಡಿಗೆ ಹೋಗಿ
ಏಣಿ ಹತ್ತಿ ಆ ಏಳನ್ನು ಮುಟ್ಟಿದೆ.
ಇನ್ನೂ ಒಣಗಿರಲಿಲ್ಲ.
ಬೆರಳಿಗೆ ಸ್ವಲ್ಪ ಕಪ್ಪು ಹತ್ತಿತು.