ಅಕ್ಷರಕ್ಕೆ ಇಪ್ಪತ್ತು ಪೈಸೆ

ಶಾಲೆ ತೆರೆಯಲು ಇನ್ನೆರಡು ದಿನ. ಅಕ್ಕಿಪೇಟೆಯ ನಮ್ಮ ಶಾಲೆಯಲ್ಲಿ
ಹನ್ನೊಂದು ಮಕ್ಕಳು, ನಾನು, ಬಿಸಿಯೂಟದ ಗೌರಕ್ಕ.
ಹತ್ತಕ್ಕಿಂತ ಕೆಳಗಿಳಿದರೆ ಪಕ್ಕದ ಶಾಲೆಗೆ ಸೇರಿಸುತ್ತಾರಂತೆ,
ತಳದಲ್ಲುಳಿದ ಉಪ್ಪನ್ನು ಇನ್ನೊಂದು ಡಬ್ಬಿಗೆ ಕೊಡವಿದ ಹಾಗೆ.

'ಮಕ್ಕಳ ದಾಖಲಾತಿ ಆರಂಭವಾಗಿದೆ'
ಎಂದು ಗೋಡೆಗೆ ಬರೆಸೋಣವೆಂದು
ಕಾಟನ್‌ಪೇಟೆಯ ಪೇಂಟರ್ ಯಲ್ಲೋಜಿರಾಯರನ್ನು ಕರೆಸಿದೆ.
ಫ್ಲೆಕ್ಸ್ ಬಂದ ಮೇಲೂ ಕುಂಚಗಳನ್ನು
ಸೀಮೆಎಣ್ಣೆಯಲ್ಲಿ ನೆನೆಹಾಕಿಯೇ ಇಟ್ಟ ಮುದುಕ.

ಹಳೇ ಸುಣ್ಣ ಕೆರೆಯುತ್ತ ಕೆರೆಯುತ್ತ
ತಟ್ಟನೆ ನಿಂತರು.
ಪದರದಡಿ ಕೆಂಪು. ತಲೆಕೆಳಗಾದ ತ್ರಿಕೋನ.
ಪಕ್ಕದಲ್ಲಿ, ಮುಕ್ಕಾದರೂ ಓದಲು ಬರುವಂತೆ:
ಎರಡೇ ಸಾಕು.

"ನಂದೇ ಕೈ ಮೇಡಂ, ಆ ಸಾ-ಗೆ ಎಳೆದ ಬಾಲ ನೋಡಿ.
ಅಕ್ಷರಕ್ಕೆ ಇಪ್ಪತ್ತು ಪೈಸೆ, ತ್ರಿಕೋನಕ್ಕೆ ಒಂದು ರೂಪಾಯಿ.
ಮೈಸೂರು ರಸ್ತೆಯಿಂದ ಯಶವಂತಪುರದವರೆಗೆ
ಎಷ್ಟು ಗೋಡೆ ಅಂತೀರಿ!
ಮನೆಗೆ ಬಂದರೆ ನನ್ನವಳ ಐದನೇ ಬಾಣಂತನ.
ಬರೆದೆ ಅಷ್ಟೇ, ಓದಿರಲಿಲ್ಲ."
ನಕ್ಕರು. ಕೆಮ್ಮಿದರು.
"ಆ ಐವರಿಗೆ ಆರು. ಆರು ಜನಕ್ಕೆ ಇಲ್ಲೀತನಕ
ಒಂದು ಮರಿ, ಅದೂ ಬೆಕ್ಕಿನದು."

ಹೋದ ತಿಂಗಳು ತರಬೇತಿಯಲ್ಲಿ ಪರದೆ ಮೇಲೆ ತೋರಿಸಿದ್ದರು:
ಕೆಳಗೆ ಮಕ್ಕಳು, ಮೇಲೆ ಮುದುಕರು,
ದೇಶದೇಶದ ಗೋಪುರಗಳು ಬುಡ ಸಣ್ಣಗಾಗುತ್ತ
ಒಂದು ದಿನ ಬುಗುರಿಯ ಹಾಗೆ ಮೊನೆಯ ಮೇಲೆ ನಿಲ್ಲುತ್ತವಂತೆ.
ಈ ಶತಮಾನ ಮುಗಿಯುವ ಮುಂಚೆಯೇ
ಲೋಕದ ತಲೆಲೆಕ್ಕ ನೆತ್ತಿ ಮುಟ್ಟಿ ಇಳಿಯಬಹುದಂತೆ.
ತಿರುಗುವವರೆಗೆ ಬುಗುರಿ ನಿಲ್ಲುತ್ತದೆ ಸರಿ,
ದಾರ ಸುತ್ತುವವರು ಯಾರು? ಕೇಳುವಷ್ಟರಲ್ಲಿ
ಊಟದ ಬೆಲ್ಲು.

ನಂಬುವುದಾದರೂ ಹೇಗೆ? ಗೇಟಿನಾಚೆ
ಮಾರ್ಕೆಟ್ಟಿನ ಬಸ್ಸಲ್ಲಿ ಒಂಟಿಕಾಲಿಗೂ ಜಾಗವಿಲ್ಲ,
ಒಬ್ಬನ ಮೂಟೆ ಇನ್ನೊಬ್ಬನ ಮೂಟೆಗೆ ತಾಗಿ ಜಗಳ.
ಕಮ್ಮಿಯಾದವರು ಯಾರು ಸ್ವಾಮಿ, ಎಲ್ಲಿ?
ಒಳಗೆ ಬನ್ನಿ. ಎರಡನೇ ತರಗತಿಯ ಹಾಜರಿ ಪುಸ್ತಕ.
ಮೂವತ್ತೈದು ಗೆರೆ, ಮೂರು ಹೆಸರು.

ನಾನೂ ಒಂದು ಖಾಲಿ ಗೆರೆಯೇ.
ಬೇಡವೆಂದಿದ್ದೆ. ಗೋಡೆ ಓದಿ ಅಲ್ಲ.
ನನ್ನ ಸಂಬಳ, ನನ್ನ ಸಂಜೆ, ನನ್ನ ಮೈ.
ಇವತ್ತಿಗೂ ಬೇಸರವಿಲ್ಲ,
ಕೆಲವು ಭಾನುವಾರ ಬಿಟ್ಟರೆ,
ಅದೂ ಮಧ್ಯಾಹ್ನ ಮೂರರಿಂದ ನಾಲ್ಕು.

ರಜೆಯಲ್ಲೂ ಬರುವವಳು ಬಿನಿತಾ, ನೇಪಾಳದ ವಾಚ್‌ಮನ್ ಮಗಳು.
ಗೋಡೆಗೆ ಮೂಗು ತಾಗಿಸಿ ಓದಿದಳು:
ಎ... ರ... ಡೇ... ಸಾ... ಕು.
"ಸಾಕು ಅಂದ್ರೆ ಏನ್ ಮಿಸ್?"
"ಇನ್ನು ಬೇಡ ಅಂತ," ರಾಯರು.
"ಅನ್ನ ಇಕ್ಕಿ ಬೆಳೆಸು ಅಂತ ಕಣೇ," ಮೊರದ ಅಕ್ಕಿಯಿಂದ
ಕಲ್ಲು ಆರಿಸುತ್ತ ಗೌರಕ್ಕ.
"ನಂಗೊತ್ತು! ಸಾಕುನಾಯಿ!
ಆರನೇ ಮಹಡಿಯೋರದನ್ನ ನಮ್ಮಪ್ಪ ವಾಕಿಂಗ್ ಕರಕೊಂಡೋಗ್ತಾನೆ."

ಯಾರೂ ತಿದ್ದಲಿಲ್ಲ.

ರಾಯರು ಸುಣ್ಣ ಬಳಿದರು. ಹಸಿಯಲ್ಲಿ ಕೆಂಪು
ಇನ್ನೂ ತೆಳುವಾಗಿ ಇಣುಕುತ್ತಿತ್ತು.
"ಒಣಗಿದರೆ ಮುಚ್ಚುತ್ತೆ," ಅಂದು ಟೀಗೆ ಹೊರಟವರು
ತಿರುಗಿ ನಿಂತು ಕೇಳಿದರು,
"ಒಟ್ಟು ಎಷ್ಟು ಅಕ್ಷರ ಮೇಡಂ? ಈಗ ಒಂದಕ್ಕೆ ನಲವತ್ತು ರೂಪಾಯಿ."

ಬಿನಿತಾ ಎಣಿಸತೊಡಗಿದಳು. ಮ, ಕ್ಕ, ಳ, ದಾ, ಖ...
ಹತ್ತಕ್ಕೆ ಬೆರಳು ಮುಗಿದವು.
ಉಳಿದ ಮೂರಕ್ಕೆ
ಕೇಳದೆಯೇ ನನ್ನ ಕೈ ಎಳೆದುಕೊಂಡಳು.